ಬೆಂಬಲ ಬೆಲೆ ಮಿತಿ ಮೀರಿತೇ? ನೀವೇ ಲೆಕ್ಕ ಹಾಕಿ

ಮಂಡ್ಯದ ರೈತ ಸಭೆಗಳಲ್ಲಿ ಈ ಲೆಕ್ಕ ದಾರಿ ತಪ್ಪುವುದನ್ನು ಕೇಳಿ ಕೇಳಿ ಸಾಕಾಗಿದೆ. ‘ಬೆಂಬಲ ಬೆಲೆ ಕೊಡಲೇಬಾರದೆಂದು ವಿಶ್ವ ವ್ಯಾಪಾರ ಸಂಸ್ಥೆ ಹೇಳಿದೆ’ ಎಂದು ಗುಡುಗುವವರಿದ್ದಾರೆ. ಹಾಗೆ ಹೇಳಿಲ್ಲ. 1995ರಲ್ಲಿ ಜಾರಿಗೆ ಬಂದ ಕೃಷಿ ಒಪ್ಪಂದದಂತೆ, ಭಾರತದಲ್ಲಿ ಒಂದು ಬೆಳೆಗೆ ಸಿಗುವ ಇಂಥ ನೆರವು ಆ ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ದಾಟಬಾರದು, ಅಷ್ಟೇ. ದಾಟಿದೆಯೇ ಎಂದು ನೋಡಲು ಒಂದು ಹಾಳೆ, ಒಂದು ಪೆನ್ಸಿಲು ಸಾಕು. 2018–19ರ ಭತ್ತವನ್ನೇ ತೆಗೆದುಕೊಳ್ಳಿ.

ಹೆಜ್ಜೆ 1: ಆ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1,750 ರೂಪಾಯಿ. ಮೂರು ಕ್ವಿಂಟಲ್ ಭತ್ತಕ್ಕೆ ಎರಡು ಕ್ವಿಂಟಲ್ ಅಕ್ಕಿ ಎಂದು ಹಿಡಿದರೆ ಟನ್ ಅಕ್ಕಿಗೆ 26,250 ರೂಪಾಯಿ. ಡಾಲರಿಗೆ 70 ರೂಪಾಯಿಯಂತೆ 375 ಡಾಲರ್.

ಹೆಜ್ಜೆ 2: ಎಲ್ಲರೂ ಜಾರುವುದು ಇಲ್ಲಿ. ಬೆಂಬಲ ಬೆಲೆಯಿಂದ ಕಳೆಯಬೇಕಾದದ್ದು ಇಂದಿನ ಅಂತರರಾಷ್ಟ್ರೀಯ ಬೆಲೆಯನ್ನಲ್ಲ, ಒಪ್ಪಂದ ಗೊತ್ತುಮಾಡಿದ 1986–88ರ ಬೆಲೆಯನ್ನು. ಕೂಲಿ, ಡೀಸೆಲ್, ಗೊಬ್ಬರ ಎಷ್ಟೇ ಏರಲಿ, ಅದು ಕದಲುವುದಿಲ್ಲ. ಅಕ್ಕಿಗೆ ಅದು ಟನ್ನಿಗೆ 262.51 ಡಾಲರ್, ರೂಪಾಯಿಯಲ್ಲಾದರೆ 3,520. ಎರಡೂ ಒಂದೇ ಅಲ್ಲವೇ ಎನ್ನಬೇಡಿ. ಅಂದಿನಿಂದ ರೂಪಾಯಿ ಕುಸಿದಿರುವುದರಿಂದ ಡಾಲರಿನಲ್ಲಿ ಕಳೆದರೆ ಟನ್ನಿಗೆ ಉಳಿಯುವ ವ್ಯತ್ಯಾಸ ಸುಮಾರು 112 ಡಾಲರ್. ರೂಪಾಯಿಯಲ್ಲಿ ಕಳೆದರೆ 22,730 ರೂಪಾಯಿ, ಅಂದರೆ ಸುಮಾರು 325 ಡಾಲರ್! ಭಾರತ ಡಾಲರಿನಲ್ಲಿ ಲೆಕ್ಕ ಕೊಡುತ್ತದೆ. ಅಮೆರಿಕ 2018ರಲ್ಲಿ ರೂಪಾಯಿಯಲ್ಲಿ ಲೆಕ್ಕ ಹಾಕಿ, ಕೊಂಡ ಅಕ್ಕಿಯ ಬದಲು ಬೆಳೆದ ಅಕ್ಕಿಯನ್ನೆಲ್ಲ ಸೇರಿಸಿ, ಹಿಂದಿನ ಕೆಲವು ವರ್ಷಗಳ ನೆರವು ಶೇ 70 ದಾಟಿದೆ ಎಂದು ಆಕ್ಷೇಪಿಸಿತ್ತು. ನನ್ನ ಮಾತು ಕೇಳುವುದಾದರೆ, ಹಾಳೆಯಲ್ಲಿ ಎರಡು ಕಂಬ ಎಳೆದು ಎರಡನ್ನೂ ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಸಿದ್ಧ ಎಕ್ಸೆಲ್ ಕಡತಗಳನ್ನು ಮುಟ್ಟಲೇಬೇಡಿ. ನಾನು ನೋಡಿದ ಎರಡರಲ್ಲೂ ಈ ಜಾಗಕ್ಕೆ ಇಂದಿನ ಬೆಲೆ ತುಂಬಿತ್ತು.

ಹೆಜ್ಜೆ 3: ಸರ್ಕಾರ ಕೊಂಡ ಅಕ್ಕಿ ಸುಮಾರು 4.44 ಕೋಟಿ ಟನ್. ಭಾರತದ ಲೆಕ್ಕದ 112 ಡಾಲರಿನಿಂದ ಗುಣಿಸಿದರೆ 500 ಕೋಟಿ ಡಾಲರ್ ಆಸುಪಾಸು.

ಹೆಜ್ಜೆ 4: ಅದನ್ನು ಬೆಳೆಯ ಒಟ್ಟು ಮೌಲ್ಯ 4,367 ಕೋಟಿ ಡಾಲರಿನಿಂದ ಭಾಗಿಸಿ. ಶೇ 11ಕ್ಕಿಂತ ಹೆಚ್ಚು. ಮಿತಿ ದಾಟಿದ್ದು ನಿಜ. ಆದರೆ ಆಹಾರ ದಾಸ್ತಾನಿಗಾಗಿ ಕೊಳ್ಳುವಾಗ ಮಿತಿ ದಾಟಿದರೂ ಬೇರೆ ದೇಶಗಳು ದೂರು ಒಯ್ಯಬಾರದೆಂಬ, 2013ರ ಬಾಲಿ ಸಭೆಯ ‘ಶಾಂತಿ ಷರತ್ತು’ ಭಾರತದ ಬೆನ್ನಿಗೆ ನಿಂತಿತು.

ಕಬ್ಬಿಗೆ ಇದೇ ಲೆಕ್ಕ ಹಚ್ಚುವ ಮದ್ದೂರು, ಪಾಂಡವಪುರದವರು ಒಂದು ಅಡ್ಡದಾರಿ ಹಿಡಿಯುತ್ತಾರೆ: ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ಕಟ್ಟುವ ಬೆಲೆ) ಹಣ ಕೊಡುವುದು ಕಾರ್ಖಾನೆ, ಸರ್ಕಾರವಲ್ಲ, ಹಾಗಾಗಿ ನೆರವು ಸೊನ್ನೆ. ಭಾರತದ ವಕೀಲರೂ ಹೀಗೆಯೇ ವಾದಿಸಿದ್ದರು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ತಂದ ದೂರು ವಿಚಾರಿಸಿದ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2021ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಬೆಲೆ ಕಟ್ಟಿದವರು ಸರ್ಕಾರದವರಾದರೆ ಸಾಕು, ಹಣ ಯಾರ ಜೇಬಿನದಾದರೂ ಅದು ನೆರವೇ ಎಂದಿತು. ಭಾರತ ಮೇಲ್ಮನವಿ ಸಲ್ಲಿಸಿತು. ಅದನ್ನು ಕೇಳಬೇಕಾದ ಸಂಸ್ಥೆಯ ಮೇಲ್ಮನವಿ ಪೀಠವೋ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡ ನಿಂತದ್ದರಿಂದ 2019ರ ಡಿಸೆಂಬರ್‌ನಲ್ಲೇ ಕೆಲಸ ನಿಲ್ಲಿಸಿತ್ತು.