ಪುಟ್ಟ ರೈಲಿನ ಹಳಿಯಲ್ಲಿ ಶಾರ್ಟ್ ಆದರೆ

ನಮ್ಮ ಮಹಡಿ ಕೋಣೆಯಲ್ಲಿ ಎಚ್‌ಒ ಸ್ಕೇಲಿನ, ಅಂದರೆ ನಿಜದ ರೈಲಿನ 87ನೇ ಒಂದರಷ್ಟು ಗಾತ್ರದ ಮಾದರಿ ರೈಲು ಓಡುತ್ತದೆ. ಡಿಸಿಸಿ (ಹಳಿಯ ಮೂಲಕವೇ ಇಂಜಿನ್ನಿಗೆ ಕರೆಂಟೂ ಡಿಜಿಟಲ್ ಆದೇಶವೂ ಹೋಗುವ ವ್ಯವಸ್ಥೆ), 15 ವೋಲ್ಟ್, 5 ಆಂಪಿಯರ್ ಬೂಸ್ಟರ್. ಬೂಸ್ಟರ್ ಅಂದರೆ ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ, 5 ಆಂಪಿಯರ್ ದಾಟಿದರೆ ಟ್ರಿಪ್ ಆಗಿ ತಾನೇ ಕರೆಂಟ್ ನಿಲ್ಲಿಸಬೇಕು. ಮೊದಲ ವರ್ಷ ದೂರದ ಮೂಲೆಯಲ್ಲಿ ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ಒಂದು ಬೋಗಿ ಹಳಿ ತಪ್ಪಿ, ಅದರ ಲೋಹದ ಚಕ್ರ ಎರಡೂ ಹಳಿ ಮುಟ್ಟಿ ಶಾರ್ಟ್ ಆಯಿತು. ನಾನು ಕಾಫಿಗೆ ಕೆಳಗೆ ಹೋಗಿದ್ದೆ. ಬಂದು ನೋಡಿದರೆ ಸುಟ್ಟ ವಾಸನೆ. ಚಕ್ರ ಕೂರುವ ಪ್ಲಾಸ್ಟಿಕ್ ಕರಗಿ ಹಳಿಗೆ ಅಂಟಿತ್ತು. ಬೂಸ್ಟರ್ ಟ್ರಿಪ್ ಆಗಿರಲೇ ಇಲ್ಲ!

ಕಾರಣ, ನಾನು ಎಳೆದಿದ್ದ ತೆಳು ವೈರು. 0.2 ಸ್ಕ್ವೇರ್ ಎಂಎಂ ವೈರು ಆ ಮೂಲೆಗೆ ಹೋಗಿ ಬರಲು 16 ಮೀಟರ್, ಅಂದರೆ ಸುಮಾರು 1.4 ಓಮ್. ಹಳಿಗಳ ಸಡಿಲ ಜೋಡಣೆಯೂ ಸೇರಿ 3 ಓಮ್ ದಾಟಿತೆಂದರೆ 5 ಆಂಪಿಯರ್ ಹರಿಯುವುದೇ ಇಲ್ಲ. ನಾಲ್ಕು ನಾಲ್ಕೂವರೆ ಹರಿಯುತ್ತಲೇ ಇರುತ್ತದೆ. ಬೂಸ್ಟರಿಗೆ ಅದು ಮಾಮೂಲಿ ಹೊರೆ, ಬೋಗಿಗೆ ಬೆಂಕಿ.

ಹಾಗಾಗಿ ಮೊದಲು ವೈರು ಬದಲಿಸಿ. ಮನೆ ವೈರಿಂಗಿಗೆ ಬಳಸುವ 1.5 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ಹಲಗೆಯ ಕೆಳಗೆ ಉದ್ದಕ್ಕೂ ಎಳೆಯಿರಿ. ಅದೇ 16 ಮೀಟರಿಗೆ 0.2 ಓಮ್ ಕೂಡ ಆಗದು. ಪ್ರತಿ ಹಳಿ ತುಂಡಿಗೂ ಅದರಿಂದ ಒಂದು ಗಿಡ್ಡ ವೈರು ತಂದು ಬೆಸುಗೆ ಹಾಕಿ.

ಆಮೇಲೆ ನಾಣ್ಯದ ಪರೀಕ್ಷೆ. ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ, ಒಂದು ರೂಪಾಯಿ ನಾಣ್ಯ ಎರಡನ್ನೂ ಮುಟ್ಟುತ್ತದೆ. ಅಡಿಗೊಂದು ಕಡೆ ಇಟ್ಟು ನೋಡಿ. ಎಲ್ಲ ಕಡೆಯೂ ಬೂಸ್ಟರ್ ತಕ್ಷಣ ಟ್ರಿಪ್ ಆಗಲೇಬೇಕು. ಆಗದಿದ್ದರೆ ನಾಣ್ಯ ತೆಗೆದು ಅಲ್ಲಿನ ಬೆಸುಗೆ ನೋಡಿ. ದಯವಿಟ್ಟು ಇದನ್ನು ಬಿಡಬೇಡಿ, ಒಂದು ಸಂಜೆಯ ಕೆಲಸ ಅಷ್ಟೇ.

ಒಂದು ಕಡೆಯ ಶಾರ್ಟಿಗೆ ಇಡೀ ಲೇಔಟ್ ನಿಲ್ಲುವುದು ಬೇಸರ ಅಲ್ವಾ? ಹಳಿ ತುಂಡುಗಳ ನಡುವೆ ಕರೆಂಟ್ ದಾಟದ ಪ್ಲಾಸ್ಟಿಕ್ ಜಾಯಿನರ್ ಹಾಕಿ ಹಳಿಯನ್ನು ಭಾಗ ಮಾಡಿ. ಪ್ರತಿ ಭಾಗದ ಒಂದು ವೈರಿನ ಮಧ್ಯೆ 12 ವೋಲ್ಟ್ 21 ವ್ಯಾಟಿನ ಕಾರ್ ಇಂಡಿಕೇಟರ್ ಬಲ್ಬ್ ಸೇರಿಸಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಶಾರ್ಟ್ ಆದರೆ ಬಲ್ಬ್ ಪ್ರಖರವಾಗಿ ಉರಿದು ಕರೆಂಟನ್ನು 2 ಆಂಪಿಯರ್ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಒಂದು ಭಾಗದಲ್ಲಿ ಮೂರ್ನಾಲ್ಕು ಇಂಜಿನ್ ಓಡಿಸುವವರಿಗೆ ಇದು ಸಾಲದು, ಅವರು ಎಲೆಕ್ಟ್ರಾನಿಕ್ ಬ್ರೇಕರ್ ಹಾಕಿಕೊಳ್ಳಲಿ. ಬಲ್ಬ್ ವಿಪರೀತ ಬಿಸಿಯಾಗುತ್ತದೆ, ಥರ್ಮಾಕೋಲ್ ಬೆಟ್ಟದಿಂದ ದೂರ ಇಡಿ.

ಇಷ್ಟಾದರೂ ಇಂಜಿನ್ನಿನೊಳಗಿನ 1 ಆಂಪಿಯರ್ ಡಿಕೋಡರಿಗೆ, ಅಂದರೆ ಹಳಿಯಿಂದ ಬಂದ ಆದೇಶ ಓದಿ ಮೋಟಾರ್ ಓಡಿಸುವ ಪುಟ್ಟ ಬೋರ್ಡಿಗೆ, ಕಾವಲಿಲ್ಲ. ಅದನ್ನು ಕೂರಿಸುವ ಮೊದಲೇ ಮೋಟಾರಿಗೆ 12 ವೋಲ್ಟ್ ಡಿಸಿ ಕೊಟ್ಟು, ಒಂದು ಕ್ಷಣ ತಿರುಗದಂತೆ ಹಿಡಿದು, ಮೀಟರಿನಲ್ಲಿ ಆಂಪಿಯರ್ ನೋಡಿ. ಡಿಕೋಡರ್ ತಾಳುವುದಕ್ಕಿಂತ ಜಾಸ್ತಿ ಬಂದರೆ ಆ ಮೋಟಾರಿಗೆ ದೊಡ್ಡ ಡಿಕೋಡರನ್ನೇ ತನ್ನಿ.