ಕೆರೆ ಅಂಗಳದ ನೆಲ ಅಳೆದ ನನ್ನ ಅನುಭವ

ಹಳೇ ಕೆರೆಗಳನ್ನು ಮುಚ್ಚಿದ ಭರ್ತಿ ಮಣ್ಣು ಭೂಕಂಪದ ಕಂಪನವನ್ನು ಹಿಗ್ಗಿಸಬಲ್ಲದು. ಬೆಂಗಳೂರಿನಲ್ಲಿ ನೆಲದ ಸಣ್ಣ ಕಂಪನ ಹಿಡಿಯುವ ಒಂದೇ ಸೆನ್ಸರ್ ಇಟ್ಟು ಆ ಮಣ್ಣಿನ ಆಳ ಹೇಳುತ್ತೇನೆ ಅಂದಾಗ ನಂಬಿದವರು ಕಡಿಮೆ. "ಈ ಟ್ರಾಫಿಕ್‌ನಲ್ಲಿ ಎಚ್‌ವಿಎಸ್‌ಆರ್ ಕೈಕೊಡುತ್ತೆ, ಬೋರ್ ಹೊಡೆಸಿ" ಅಂದರು. ಎಚ್‌ವಿಎಸ್‌ಆರ್ ಅಂದರೆ ನೆಲದ ಅಡ್ಡ ಕಂಪನವನ್ನು ಲಂಬ ಕಂಪನದ ಜೊತೆ ಹೋಲಿಸಿ, ನೆಲ ಯಾವ ತಾಳದಲ್ಲಿ ಹೆಚ್ಚು ಅಲುಗುತ್ತದೆ ಅಂತ ನೋಡುವ ವಿಧಾನ. ಕೊನೆಗೆ ಬೋರ್ ಹೊಡೆಸಿಯೇ ತೋರಿಸಿದೆ. ಹಳೇ ಕೆರೆ ಅಂಗಳದ ಒಂದು ಬಡಾವಣೆಯಲ್ಲಿ ನಾನು 8 ಮೀಟರ್ ಅಂದಿದ್ದೆ. ರಿಗ್ ಎಂಟೂವರೆ ಹತ್ತಿರ ಬಂಡೆ ಮುಟ್ಟಿತು.

ಮೊದಲು ಎಂಎಎಸ್‌ಡಬ್ಲ್ಯೂ ಒಂದರಲ್ಲೇ ಮುಗಿಸಲು ನೋಡಿದ್ದೆ. ಸುತ್ತಿಗೆ ಪೆಟ್ಟಿನ ಅಲೆಯನ್ನು ಸಾಲು ಸೆನ್ಸರ್‌ಗಳಲ್ಲಿ ಹಿಡಿದು ಮಣ್ಣಿನಲ್ಲಿ ಅಲೆಯ ವೇಗ ತಿಳಿಯುವ ವಿಧಾನ ಅದು. 24 ಜಿಯೋಫೋನ್ (ಕಂಪನ ಹಿಡಿಯುವ ಸೆನ್ಸರ್) ನೇರವಾಗಿ ಹಾಸಲು ಐವತ್ತು ಮೀಟರ್ ಬೇಕು. ನಗರದ ಗಲ್ಲಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಬಸ್ಸಿನ ಸದ್ದಿನಲ್ಲಿ ಸುತ್ತಿಗೆ ಪೆಟ್ಟು ಮುಳುಗಿಹೋಯಿತು. ಬಾಡಿಗೆ, ಹುಡುಗರ ಕೂಲಿ, ಟೆಂಪೋ ಸೇರಿ ಅರವತ್ತು ಸಾವಿರದಷ್ಟು ಕರಗಿತು. ಹಗಲು ತೆಗೆದ ಎಚ್‌ವಿಎಸ್‌ಆರ್ ಕೂಡ ಕೆಟ್ಟಿತು. ಮೂರೂ ದಿಕ್ಕಿನ ಕಂಪನದ ಗ್ರಾಫ್‌ನಲ್ಲಿ ಸೂಜಿಯಂಥ ಪೀಕ್ (ಏರು). ಅದು ನೆಲದ್ದಲ್ಲ, ಪಕ್ಕದ ಮೋಟಾರಿನದು.

ಆಮೇಲೆ ರಾತ್ರಿ ಒಂದರಿಂದ ನಾಲ್ಕರವರೆಗೆ ಮಾತ್ರ ಅಳೆದೆ. ಜಾಗಕ್ಕೆ ನಲವತ್ತು ನಿಮಿಷ. ಹತ್ತಿರದ ಮೈದಾನದಲ್ಲಿ, ಅದೂ ಅದೇ ಭರ್ತಿಯ ಮೇಲೆ, ಒಂದೇ ಎಂಎಎಸ್‌ಡಬ್ಲ್ಯೂ ಲೈನ್. ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ 180 ಮೀಟರ್ ಆಸುಪಾಸು, ಎಚ್‌ವಿಎಸ್‌ಆರ್ ಪೀಕ್ ಐದೂವರೆ ಹರ್ಟ್ಸ್, ಅಂದರೆ ಸೆಕೆಂಡಿಗೆ ಐದೂವರೆ ಕಂಪನ. ವೇಗವನ್ನು ಪೀಕಿನ ನಾಲ್ಕರಷ್ಟರಿಂದ ಭಾಗಿಸಿದರೆ ಆಳ ಸಿಗುತ್ತದೆ: ಸುಮಾರು 8 ಮೀಟರ್.  

ಸೆನ್ಸರ್ ಎಲ್ಲಿ ಇಡಬೇಕು ಅನ್ನೋದಕ್ಕೆ ಹಳೇ ಗ್ರಾಮ ನಕ್ಷೆಗಿಂತ ಒಳ್ಳೆಯದು ಬೇರೆ ಸಿಗಲಿಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಅಂಥ ಹೆಸರು ಉಳಿಯದ ಕೆರೆಗಳೇ ಜಾಸ್ತಿ. ಏರಿ ಯಾವುದು, ಅಂಗಳ ಯಾವುದು ಅಂತ ನಕ್ಷೆಯಲ್ಲಿ ಗುರುತಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಹೋಲಿಕೆಗೆ ಲಾಲ್‌ಬಾಗ್ ಬಂಡೆಯ ಮೇಲೂ ಇಟ್ಟು ನೋಡಿದೆ. ಗೆರೆ ಸಪಾಟು, ಪೀಕೇ ಇಲ್ಲ.

2016ರ ಐಎಸ್ 1893 (ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನದಂಡ) ಪ್ರಕಾರ ಬೆಂಗಳೂರು ಎರಡನೇ ವಲಯ, ಅಂದರೆ ಅದರಲ್ಲಿ ಅತಿ ಕಡಿಮೆ ಅಪಾಯದ ವಲಯ. ಹಾಗಂತ ಸುಮ್ನೆ ಕೂರುವುದು ತಪ್ಪು. 2001ರಲ್ಲಿ ಭುಜ್‌ನಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು. 1985ರಲ್ಲಿ ಮೆಕ್ಸಿಕೋ ಸಿಟಿಯ ಕೆರೆ ಮಣ್ಣು ಇನ್ನೂ ದೂರದ ಕಂಪನವನ್ನು ಹಿಗ್ಗಿಸಿತು.

ಅದೇ ಬಡಾವಣೆಯಲ್ಲಿ ಒಂದು ಮನೆಯ ತಾರಸಿ ಮೇಲೂ ಸೆನ್ಸರ್ ಇಟ್ಟೆ. ಕೆಳಗೆ ಬರೀ ಕಂಬ, ಪಾರ್ಕಿಂಗ್. ಮೇಲೆ ಎರಡು ಮಹಡಿ. ಕಟ್ಟಡದ ಕಂಪನವೂ ಐದು ಹರ್ಟ್ಸ್ ಸುತ್ತಮುತ್ತ ಬಂತು! ನೆಲವೂ ಮನೆಯೂ ಒಂದೇ ತಾಳ. ಹೀಗಾದರೆ ಭೂಕಂಪದಲ್ಲಿ ಮನೆಯ ಅಲುಗಾಟ ಇನ್ನೂ ಹೆಚ್ಚುತ್ತದೆ. ಮಾಲೀಕರಿಗೆ ಗ್ರಾಫ್ ತೋರಿಸಿ, ಕಂಬಗಳಿಗೆ ಜಾಕೆಟಿಂಗ್ (ಸುತ್ತ ಹೊಸ ಕಬ್ಬಿಣ, ಕಾಂಕ್ರೀಟ್ ಹೊದಿಕೆ) ಮಾಡಿಸಿ, ಕೆಳಗೆ ಎರಡು ಕಡೆ ಗೋಡೆ ಕಟ್ಟಿಸಿ ಅಂದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ್ದಾರೆ. ಕೆಲಸ ಶುರುವಾಗಿದೆ.