ಕಮೋಡಿನ ತುಕ್ಕು ಕಲೆ: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಹೊಸದಾಗಿ ಬಾಡಿಗೆ ಮನೆ ಹಿಡಿದವರು ನಮ್ಮ ಸಂಘದಲ್ಲಿ ವಿಚಾರಿಸುವ ಸಂಗತಿಗಳಲ್ಲಿ, ಎಷ್ಟು ಉಜ್ಜಿದರೂ ಬಿಡದ ಕಮೋಡಿನ ಕಲೆಯೂ ಒಂದು. ಬಯಲುಸೀಮೆಯ ಗಡಸು ನೀರು ಕಟ್ಟುವ ಬಿಳಿ ಪದರವನ್ನು ಕಂಡು ಅಭ್ಯಾಸವಿದ್ದವರಿಗೆ ಇಲ್ಲಿನ ಕೆಂಗಂದು ಕಲೆ ಹೊಸದೆನಿಸುವುದು ಸಹಜ. ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಕೆಲವು ಕೊಳವೆಬಾವಿಗಳಿಂದ ತಿಳಿಯಾಗಿಯೇ ಬರುವ ನೀರು, ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಗಾಳಿಗೆ ನಿಂತ ಮೇಲೆ ಕೆಂಪಾಗುವುದು ಇದೇ ಕಾರಣಕ್ಕೆ. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿ ನದಿಯ ನೀರೋ ಉಡುಪಿಗೆ ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯ ನೀರೋ ಸಿಗುವ ಮನೆಗಳಲ್ಲಿಯೂ, ಬೇಸಗೆಯಲ್ಲಿ ಟ್ಯಾಂಕಿಗೆ ಕೊಳವೆಬಾವಿಯ ನೀರು ಬಿಟ್ಟರೆ ಕಲೆ ಕಾಣಿಸಿಕೊಳ್ಳಬಹುದು.

ಈ ಕಲೆಗೆ ಬ್ಲೀಚಿಂಗ್ ಪುಡಿಯನ್ನು ದಯವಿಟ್ಟು ಬಳಸಬೇಡಿ. ಅದು ತುಕ್ಕನ್ನು ಕರಗಿಸುವುದಿಲ್ಲ. ನೀರಿನಲ್ಲಿ ಉಳಿದ ಕಬ್ಬಿಣವನ್ನೂ ತುಕ್ಕಾಗಿಸಿ ಕಲೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಅದರ ಮೇಲೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸುರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

ತುಕ್ಕನ್ನು ಕರಗಿಸುವುದು ಆಮ್ಲ. ಜೀನಸಿನ ಅಂಗಡಿಯಲ್ಲಿ ಲಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಇದಕ್ಕೆ ಸಾಕು. ಫ್ಲಶ್ ಟ್ಯಾಂಕಿನ ನಲ್ಲಿ ಮುಚ್ಚಿ, ಕಮೋಡಿನಲ್ಲಿ ನಿಂತ ನೀರನ್ನು ಬ್ರಶ್‌ನಿಂದ ಒಳಕ್ಕೆ ತಳ್ಳಿ, ನೀರಿನ ಮಟ್ಟದಲ್ಲಿ ಉಂಗುರದಂತೆ ಕಟ್ಟಿದ ಕಲೆ ಪೂರ್ತಿ ಹೊರಗೆ ಕಾಣುವಂತೆ ಮಾಡಿಕೊಳ್ಳಿ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕು ಚಮಚ ಪುಡಿ ಕರಗಿಸಿ, ಹಳೆಯ ಬಟ್ಟೆಯ ತುಂಡುಗಳನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಅಂಟಿಸಿ ರಾತ್ರಿಯಿಡೀ ಬಿಡಿ. ಅಂಚಿನ ಅಡಿಯಲ್ಲಿ ನೀರು ಬೀಳುವ ತೂತುಗಳ ಸುತ್ತಲೂ ಹೀಗೆಯೇ ತುರುಕಬೇಕು, ಏಕೆಂದರೆ ಅಲ್ಲಿ ಸುರಿದದ್ದು ನಿಲ್ಲದೆ ಜಾರಿಹೋಗುತ್ತದೆ. ಬೆಳಿಗ್ಗೆ ಗ್ಲೌಸ್ ಹಾಕಿಕೊಂಡು ಬಟ್ಟೆ ತೆಗೆದು ಹೊರಗೆ ಎಸೆದು, ನೈಲಾನ್ ಬ್ರಶ್‌ನಿಂದ ಉಜ್ಜಿದರೆ ಕಲೆ ಕಂದು ನೀರಾಗಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬಹಳ ಹಳೆಯ ಕಲೆಗೆ ಎರಡು ಮೂರು ರಾತ್ರಿ ಬೇಕಾದೀತು. ಕುದಿಯುವ ನೀರು ಸುರಿಯಬೇಡಿ, ಪಿಂಗಾಣಿ ಬಿರುಕು ಬಿಡಬಹುದು. ಸ್ಟೀಲಿನ ನಾರು, ಮರಳುಕಾಗದ ಇವು ಹೊಳಪಿನ ಪದರವನ್ನು ಗೀರುತ್ತವೆ, ಮುಂದಿನ ಕಲೆ ಆ ಗೀರುಗಳಲ್ಲಿಯೇ ಬೇಗ ಹಿಡಿಯುತ್ತದೆ.

ಒಳಚರಂಡಿ ಇಲ್ಲದ ಕಡೆ ಮನೆಯದೇ ಸೆಪ್ಟಿಕ್ ಟ್ಯಾಂಕ್ ಇರುವುದರಿಂದ, ಬಾಟಲಿಗಟ್ಟಲೆ ಆಸಿಡ್ ಸುರಿದರೆ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಕಲೆ ಸುತ್ತಲೂ ಇರದೆ ಹಿಂಭಾಗದಿಂದ ಒಂದೇ ಗೆರೆಯಾಗಿ ಇಳಿದಿದ್ದರೆ, ಫ್ಲಶ್ ಟ್ಯಾಂಕಿನ ವಾಷರ್ ಸವೆದು ನೀರು ಸದಾ ಒಸರುತ್ತಿದೆ ಎಂದು ತಿಳಿಯಿರಿ. ಟ್ಯಾಂಕಿಗೆ ಸ್ವಲ್ಪ ಅರಿಶಿನದ ನೀರು ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟು ನೋಡಿ. ಕಮೋಡಿನಲ್ಲಿ ಹಳದಿ ಬಣ್ಣ ಕಂಡರೆ ಪ್ಲಂಬರನ್ನು ಕರೆಸಿ ವಾಷರ್ ಬದಲಾಯಿಸಿದ ಮೇಲೆಯೇ ಕಲೆ ತೆಗೆಯಲು ಕೈಹಾಕಿ.